ಮಾತು ನಿಂತಲ್ಲಿ ಮೈಯಿಂದ ಶುರು: ದೇಹಾಧಾರಿತ ಮನೋಚಿಕಿತ್ಸೆಗೆ ಒಂದು ಸಮಗ್ರ ಮಾರ್ಗದರ್ಶಿ

ಎದೆ ಹಿಡಿದಂತಾಗುತ್ತದೆ ಎಂದು ಇಸಿಜಿ, ಟುಡಿ ಎಕೋ ಎಲ್ಲ ಮಾಡಿಸಿ, "ಎಲ್ಲಾ ನಾರ್ಮಲ್ ಇದೆ, ಟೆನ್ಶನ್ ಕಡಿಮೆ ಮಾಡಿಕೊಳ್ಳಿ" ಎಂದು ಹೇಳಿಸಿಕೊಂಡು ಮನೆಗೆ ಬಂದವರು ನಮ್ಮ ಮುಂಬೈ ಕನ್ನಡಿಗರಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಆ ಟೆನ್ಶನ್ ಕಡಿಮೆ ಮಾಡಿಕೊಳ್ಳುವುದು ಹೇಗೆ ಎಂದು ಮಾತ್ರ ಯಾರೂ ಹೇಳಿರುವುದಿಲ್ಲ. ಹೋಟೆಲಿನ ಗಲ್ಲಾದಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಕೂರುವವರು, ಡೊಂಬಿವಲಿಯಿಂದ ಸಿಎಸ್‌ಟಿವರೆಗೆ ಒಂಟಿ ಕಾಲಲ್ಲಿ ನಿಂತು ಹೋಗಿ ಬರುವವರು, ಊರಲ್ಲಿ ವಯಸ್ಸಾದ ಅಪ್ಪ ಅಮ್ಮನನ್ನು ಬಿಟ್ಟು ಇಲ್ಲಿ ಒಂದು ರೂಮ್-ಕಿಚನ್ನಿನಲ್ಲಿ ಸಂಸಾರ ನಡೆಸುವ ಹೆಂಗಸರು. ಇವರ ಸಂಕಟ ಬಾಯಿಗೆ ಬರುವ ಮೊದಲೇ ಮೈಗೆ ಬಂದಿರುತ್ತದೆ. ಭುಜ ಕಲ್ಲಾಗಿರುತ್ತದೆ, ರಾತ್ರಿ ಹಲ್ಲು ಕಡಿಯುತ್ತಾರೆ, ಊಟ ಗಂಟಲಲ್ಲೇ ನಿಲ್ಲುತ್ತದೆ.

ಮುಂಬೈಯ ಕನ್ನಡ ಕುಟುಂಬಗಳ ನಡುವೆ ಕೌನ್ಸೆಲಿಂಗ್ ಮಾಡುವವಳಾಗಿ ಇದನ್ನು ಬರೆಯುತ್ತಿದ್ದೇನೆ. ದೇಹಾಧಾರಿತ ಮನೋಚಿಕಿತ್ಸೆ ಎಂದರೆ ಮಾತಿನ ಜೊತೆಗೆ ಮೈಯ ಸಂವೇದನೆ, ಉಸಿರು, ನಿಲುವು, ಚಲನೆ ಇವುಗಳನ್ನೂ ಚಿಕಿತ್ಸೆಯ ಭಾಗವಾಗಿ ತೆಗೆದುಕೊಳ್ಳುವ ವಿಧಾನ. ಇದು ಮಸಾಜ್ ಅಲ್ಲ, ಯೋಗ ಕ್ಲಾಸ್ ಅಲ್ಲ, ಮೈಮೇಲೆ ಬರುವುದೂ ಅಲ್ಲ. ಇದರಲ್ಲಿ ನಾನು ಬಲವಾಗಿ ನಂಬುವುದು ಒಂದೇ: ಪ್ರಮಾಣ ಸಣ್ಣದಿರಬೇಕು. ಗೋಳಾಡಿ ಅತ್ತು, ಕಿರುಚಿ, ಎಲ್ಲವನ್ನೂ ಒಂದೇ ದಿನ ಹೊರಗೆ ಹಾಕಿದರೆ ವಾಸಿಯಾಗುತ್ತದೆ ಎಂಬ ನಂಬಿಕೆಯಿಂದ ಈ ಕ್ಷೇತ್ರದಲ್ಲಿ ಆಗಿರುವಷ್ಟು ಹಾನಿ ಬೇರೆ ಯಾವುದರಿಂದಲೂ ಆಗಿಲ್ಲ. ಕೆಳಗಿನ ಹಂತಗಳನ್ನೆಲ್ಲ ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇನೆ.

ಇದು ಎಲ್ಲಿಂದ ಬಂತು

ಮನೋವಿಶ್ಲೇಷಣೆ ಶುರು ಮಾಡಿದ ಫ್ರಾಯ್ಡ್‌ನ ಶಿಷ್ಯರಲ್ಲಿ ವಿಲ್ಹೆಲ್ಮ್ ರೈಖ್ (1897–1957) ಎಂಬುವನೊಬ್ಬ. ರೋಗಿ ಏನು ಹೇಳುತ್ತಾನೆ ಎನ್ನುವುದರ ಜೊತೆಗೆ ಹೇಗೆ ಕೂರುತ್ತಾನೆ, ಎಲ್ಲಿ ಉಸಿರು ಹಿಡಿಯುತ್ತಾನೆ ಎಂದೂ ಗಮನಿಸಿದವನು. ಅದುಮಿಟ್ಟ ಭಾವನೆ ಸ್ನಾಯುಗಳಲ್ಲಿ ಕವಚದ ಹಾಗೆ ಬಿಗಿಯುತ್ತದೆ ಎಂದ. 1933ರಲ್ಲಿ ಬಂದ ಅವನ ಪುಸ್ತಕದಲ್ಲಿ ಈ ವಿಚಾರದ ಬೇರು ಇದೆ. ಮುಂದೆ ಅವನು 'ಆರ್ಗೋನ್' ಎಂಬ ಶಕ್ತಿಯ ಬೆನ್ನು ಹತ್ತಿದ. ಅದಕ್ಕೆ ವಿಜ್ಞಾನದ ಆಧಾರ ಸಿಗಲಿಲ್ಲ, ಕೊನೆಗೆ ಅಮೆರಿಕದ ಜೈಲಿನಲ್ಲಿ ತೀರಿಕೊಂಡ. ಅವನ ಶಿಷ್ಯ ಅಲೆಕ್ಸಾಂಡರ್ ಲೋವೆನ್ ಬಯೋಎನರ್ಜೆಟಿಕ್ಸ್ ಎಂಬ ದೇಹ ಚಿಕಿತ್ಸೆಯ ಪದ್ಧತಿ ಕಟ್ಟಿದ. ನೆಲದ ಮೇಲೆ ಕಾಲೂರಿ ನಿಲ್ಲುವ ಅಭ್ಯಾಸಕ್ಕೆ ಚಿಕಿತ್ಸೆಯಲ್ಲಿ ಜಾಗ ಸಿಕ್ಕಿದ್ದು ಮುಖ್ಯವಾಗಿ ಅವನಿಂದ. ಯೂಜೀನ್ ಜೆಂಡ್ಲಿನ್ ಇನ್ನೂ ಮೆತ್ತಗಿನ ದಾರಿ ತೋರಿಸಿದ: ಒಳಗೆ ಏನೋ ಅಸ್ಪಷ್ಟವಾಗಿ ಅನ್ನಿಸುತ್ತಿದೆಯಲ್ಲ, ಅದರ ಹತ್ತಿರ ಸುಮ್ಮನೆ ಕೂತು, ಅದಕ್ಕೆ ಒಪ್ಪುವ ಮಾತು ತಾನಾಗಿ ಬರುವವರೆಗೆ ಕಾಯುವುದು. ಮನಸ್ಸಿಗಾದ ಆಘಾತವನ್ನು ಮೈಯ ಸಂವೇದನೆ, ಚಲನೆಗಳ ಮೂಲಕ ಹಿಡಿಯುವ ವಿಧಾನಗಳಲ್ಲಿ ಪೀಟರ್ ಲೆವಿನ್ ಅವರ ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್, ಪ್ಯಾಟ್ ಆಗ್ಡನ್ ಅವರ ಸೆನ್ಸರಿಮೋಟರ್ ಸೈಕೋಥೆರಪಿ ಇವತ್ತು ಹೆಚ್ಚು ಕೇಳಿಬರುವ ಹೆಸರುಗಳು.

ನಮ್ಮ ಪಕ್ಕದ ಪುಣೆಗೆ ಈ ಚರಿತ್ರೆಯಲ್ಲಿ ಎರಡು ಜಾಗಗಳಿವೆ. ಒಂದು, 1974ರಲ್ಲಿ ಕೋರೆಗಾಂವ್ ಪಾರ್ಕಿನಲ್ಲಿ ಶುರುವಾದ ರಜನೀಶ್ ಆಶ್ರಮ. ಪಶ್ಚಿಮದ ಥೆರಪಿಸ್ಟ್‌ಗಳು ಅಲ್ಲಿಗೆ ಬಂದು, ಅದುಮಿಟ್ಟ ಭಾವನೆಗಳನ್ನು ಎಲ್ಲರೆದುರು ಹೊರಹಾಕಿಸುವ 'ಎನ್‌ಕೌಂಟರ್' ಗುಂಪುಗಳನ್ನು ನಡೆಸಿದರು. ಕೆಲವು ಗುಂಪುಗಳಲ್ಲಿ ಹೊಡೆದಾಟವೂ ನಡೆಯುತ್ತಿತ್ತು. ಕ್ಯಾಲಿಫೋರ್ನಿಯಾದ ಎಸಲೆನ್ ಸಂಸ್ಥೆ ಕಟ್ಟಿದವರಲ್ಲಿ ಒಬ್ಬರಾದ ರಿಚರ್ಡ್ ಪ್ರೈಸ್‌ಗೇ ಆ ಹಿಂಸೆ ಸರಿಬರಲಿಲ್ಲ. 1979ರ ಜನವರಿಯಲ್ಲಿ ಆಶ್ರಮ ಅದನ್ನು ನಿಲ್ಲಿಸಿತು. ಇನ್ನೊಂದು, ಅದೇ ಊರಿನ ಮಾಡೆಲ್ ಕಾಲೊನಿ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಯೋಗಗುರು ಕೃಷ್ಣಮಾಚಾರ್ಯರ ಬಳಿ ಕಲಿತು, 1937ರಲ್ಲಿ ಪುಣೆಗೆ ಬಂದ ಬಿ.ಕೆ.ಎಸ್. ಅಯ್ಯಂಗಾರ್ ಅವರ ಯೋಗ ಸಂಸ್ಥೆ 1975ರಿಂದ ಅಲ್ಲಿದೆ. ಹಗ್ಗ, ಬೆಲ್ಟು, ದಿಂಬು, ಮರದ ತುಂಡುಗಳ ಆಸರೆ ಕೊಟ್ಟು, ಆಗದವನ ಮೈಯೂ ಆಸನದಲ್ಲಿ ನಿಲ್ಲುವಂತೆ ಮಾಡಿದವರು ಅವರು. ಅವರು ಮಾಡಿದ್ದು ಮನೋಚಿಕಿತ್ಸೆಯಲ್ಲ. ಆದರೂ ಮೈಗೆ ಮೊದಲು ಆಸರೆ ಕೊಡು, ಆಮೇಲೆ ಕೆಲಸ ಕೇಳು ಎಂಬ ಕ್ರಮವನ್ನು ನಾನು ಅಲ್ಲಿಂದಲೇ ತೆಗೆದುಕೊಳ್ಳುತ್ತೇನೆ.

ಒಳಗೆ ಏನು ನಡೆಯುತ್ತದೆ

ಅಪಾಯ ಕಂಡಾಗ ಮೈ ಹೊಡೆದಾಡಲು ಅಥವಾ ಓಡಲು ಸಿದ್ಧವಾಗುತ್ತದೆ; ವಾಲ್ಟರ್ ಕ್ಯಾನನ್ 1915ರಲ್ಲೇ ಇದನ್ನು ವಿವರಿಸಿದ್ದ. ಅಡ್ರಿನಲಿನ್ ಏರುತ್ತದೆ, ಎದೆ ಬಡಿತ ಹೆಚ್ಚುತ್ತದೆ, ರಕ್ತ ಹೊಟ್ಟೆಯಿಂದ ಕೈಕಾಲಿನ ಸ್ನಾಯುಗಳ ಕಡೆ ಹರಿಯುತ್ತದೆ. ಹೊಡೆದಾಡಲೂ ಆಗದೆ ಓಡಲೂ ಆಗದೆ ಹೋದಾಗ ಮೈ ಮರಗಟ್ಟುವುದೂ ಉಂಟು. ಅಪಾಯ ಕಳೆದ ಮೇಲೆ ಇದು ಇಳಿಯಬೇಕು. ದಿನವೂ ಬೈಗುಳ ತಿನ್ನುವ ಮನೆಯಲ್ಲಿ, ಸಾಲದವರ ಫೋನು ಬರುತ್ತಲೇ ಇರುವಲ್ಲಿ, ಅಥವಾ ಒಂದು ದೊಡ್ಡ ಆಘಾತದ ನಂತರ, ಅದು ಪೂರ್ತಿ ಇಳಿಯುವುದಿಲ್ಲ. ಫೋನ್ ರಿಂಗಾದರೂ ಸಾಕು, ಮೈ ಸೆಟೆದು ನಿಲ್ಲುತ್ತದೆ.

ನೆನಪು ಸ್ನಾಯುವಿನೊಳಗೆ ಕೂತಿರುತ್ತದೆ ಎಂದು ಕೆಲವರು ಹೇಳುವುದನ್ನು ಕೇಳಿರಬಹುದು. ಅಕ್ಷರಶಃ ಹಾಗಲ್ಲ. ನೆನಪು ಇರುವುದು ಮೆದುಳಿನಲ್ಲಿ. ಮೆದುಳು ಮತ್ತು ನರಮಂಡಲ ಕಲಿತ ಪ್ರತಿಕ್ರಿಯೆ ಸ್ನಾಯುಗಳಲ್ಲಿ, ಉಸಿರಿನಲ್ಲಿ, ಕರುಳಿನಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಚಿಕಿತ್ಸೆ ಬದಲಿಸಲು ನೋಡುವುದು ಆ ಕಲಿತ ಪ್ರತಿಕ್ರಿಯೆಯನ್ನು. ಮೈಯ ಒಳಗಿನ ಸಂಕೇತಗಳನ್ನು ಗುರುತಿಸುವ ಶಕ್ತಿ ನಮಗೆಲ್ಲ ಇದೆ, ಅಭ್ಯಾಸದಿಂದ ಅದನ್ನು ಹರಿತ ಮಾಡಿಕೊಳ್ಳಬಹುದು. ಉಸಿರು ಒಳಗೆ ಎಳೆದಾಗ ಎದೆ ಬಡಿತ ತುಸು ಏರುತ್ತದೆ, ಬಿಟ್ಟಾಗ ಇಳಿಯುತ್ತದೆ. ಹೃದಯಕ್ಕೆ ಹೋಗುವ ವೇಗಸ್ ನರ ಇದರ ಮುಖ್ಯ ದಾರಿ. ಉದ್ದದ ನಿಶ್ವಾಸ ನಮ್ಮನ್ನು ತಣ್ಣಗಾಗಿಸುವುದು ಈ ದಾರಿಯಿಂದ.

ಪುರಾವೆಯ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. 2017ರಲ್ಲಿ ಪ್ರಕಟವಾದ ಇಸ್ರೇಲ್‌ನ ಒಂದು ಅಧ್ಯಯನದಲ್ಲಿ ಮನಸ್ಸಿಗಾದ ಆಘಾತದ ನಂತರದ ಕಾಯಿಲೆ (ಪಿಟಿಎಸ್‌ಡಿ) ಇದ್ದ 63 ಜನ ಭಾಗವಹಿಸಿದ್ದರು, ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್ ಪ್ರಯೋಜನ ಕೊಟ್ಟಿತು. 2014ರಲ್ಲಿ ಬೆಸೆಲ್ ವ್ಯಾನ್ ಡರ್ ಕೋಕ್ ತಂಡ 64 ಹೆಂಗಸರ ಮೇಲೆ ನಡೆಸಿದ ಪ್ರಯೋಗದಲ್ಲಿ ಯೋಗ ನೆರವಾಯಿತು. ಎರಡೂ ಸಣ್ಣ ಅಧ್ಯಯನಗಳು. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಆಘಾತದ ನಂತರದ ಕಾಯಿಲೆಗೆ ಶಿಫಾರಸು ಮಾಡಿದ್ದು ಆಘಾತ-ಕೇಂದ್ರಿತ ಸಿಬಿಟಿ (ಯೋಚನೆ, ನಡವಳಿಕೆಗಳನ್ನು ತಿದ್ದುವ ಚಿಕಿತ್ಸೆ) ಮತ್ತು ಇಎಂಡಿಆರ್ (ನೆನಪನ್ನು ಮನಸ್ಸಿನಲ್ಲಿಟ್ಟುಕೊಂಡು ಕಣ್ಣು ಅತ್ತಿತ್ತ ಆಡಿಸುವ ಚಿಕಿತ್ಸೆ) ಅನ್ನು. ಭಯ, ನೆಮ್ಮದಿಗಳನ್ನು ವೇಗಸ್ ನರದಿಂದ ವಿವರಿಸುವ ಸ್ಟೀಫನ್ ಪೋರ್ಜಸ್ ಅವರ ಪಾಲಿವೇಗಲ್ ಸಿದ್ಧಾಂತ ಎಲ್ಲೆಲ್ಲೂ ಕೇಳಿಬಂದರೂ ಅದರ ಹಲವು ಅಂಶಗಳನ್ನು ಶರೀರಶಾಸ್ತ್ರಜ್ಞರು ಒಪ್ಪುವುದಿಲ್ಲ. ಆದ್ದರಿಂದ ದೇಹದ ಕೆಲಸವನ್ನು ಬೇರೆ ಚಿಕಿತ್ಸೆಯ ಜೊತೆಗೆ ಇಟ್ಟುಕೊಳ್ಳಿ. ನೂರಕ್ಕೆ ನೂರು ಗುಣ ಎನ್ನುವವರ ಹತ್ತಿರ ಹೋಗಲೇಬೇಡಿ.

ಹಂತ 1: ಮೊದಲು ಡಾಕ್ಟರು

ಎದೆನೋವು ಎಡಗೈಗೆ, ದವಡೆಗೆ ಹರಿದರೆ, ಜೊತೆಗೆ ಬೆವರು, ಏದುಸಿರು ಇದ್ದರೆ ಉಸಿರಾಟದ ಅಭ್ಯಾಸ ಮಾಡುತ್ತ ಕೂರಬಾರದು. ಮಹಾರಾಷ್ಟ್ರ, ಗೋವಾ ಎರಡರಲ್ಲೂ 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ತುರ್ತು ಇಲ್ಲದಿದ್ದರೂ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12, ಸಕ್ಕರೆ ಒಮ್ಮೆ ನೋಡಿಸಿ. ಥೈರಾಯ್ಡ್ ಹೆಚ್ಚಾದರೆ ಎದೆ ಬಡಿತ, ಕೈನಡುಕ, ನಿದ್ರೆಗೇಡು ಎಲ್ಲ ಆತಂಕದ ಹಾಗೆಯೇ ಕಾಣುತ್ತವೆ. ನಡೆಯುತ್ತಿರುವ ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸಬೇಡಿ.

ಸಾಯಬೇಕೆಂಬ ಯೋಚನೆ ಬರುತ್ತಿದ್ದರೆ, ಇಲ್ಲದ ದನಿ ಕೇಳುತ್ತಿದ್ದರೆ, ಬೈಪೋಲಾರ್ (ಮನಸ್ಥಿತಿ ವಿಪರೀತ ಏರಿಳಿಯುವ ಕಾಯಿಲೆ) ಅಥವಾ ಫಿಟ್ಸ್ ಇದ್ದರೆ, ಕುಡಿತ ಬಿಡುವ ಹಂತದಲ್ಲಿದ್ದರೆ, ಆಘಾತ ತೀರಾ ಹೊಸದಾಗಿದ್ದರೆ, ಮುಂದಿನ ಹಂತಗಳನ್ನು ಒಬ್ಬರೇ ಮಾಡುವುದು ಬೇಡ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416, ದಿನದ 24 ಗಂಟೆ, ಉಚಿತ, ಕನ್ನಡದಲ್ಲೂ ಮಾತಾಡಬಹುದು. ಮುಂಬೈಯ ಕೆಇಎಂ, ಸಾಯನ್, ನಾಯರ್ ಆಸ್ಪತ್ರೆಗಳಲ್ಲಿ, ಪುಣೆಯ ಸಸೂನ್‌ನಲ್ಲಿ ಮನೋವೈದ್ಯ ವಿಭಾಗವಿದೆ. ವಾಸ್ಕೊದ ಬೈನಾ, ಝುವಾರಿನಗರದ ಕಡೆ ಇರುವ ನಮ್ಮ ಉತ್ತರ ಕರ್ನಾಟಕದ ಜನರಿಗೆ ಬಾಂಬೋಳಿಯ ಸರ್ಕಾರಿ ಮನೋವೈದ್ಯ ಸಂಸ್ಥೆ ಇದೆ.

ಹಂತ 2: ಆಸರೆ ಹುಡುಕಿಕೊಳ್ಳಿ

ನೋವಿನ ಕಡೆ ನೋಡುವ ಮೊದಲು ನೆಮ್ಮದಿಯ ಒಂದು ಜಾಗ ಮೈಯಲ್ಲಿ ಸಿಗಬೇಕು. ಬಾವಿಗೆ ಇಳಿಯುವವನು ಹಗ್ಗದ ಈ ತುದಿಯನ್ನು ಮೇಲೆ ಬಿಗಿದುಕೊಂಡೇ ಇಳಿಯುತ್ತಾನೆ. ಈ ಹಂತಕ್ಕೆ ಕನಿಷ್ಠ ಒಂದು ವಾರ ಕೊಡಿ, ಎರಡು ಕೊಟ್ಟರೂ ನಷ್ಟವಿಲ್ಲ.

ಮನೆಯಲ್ಲಿ ಪ್ರತ್ಯೇಕ ಕೋಣೆ ಇಲ್ಲ ಎನ್ನುತ್ತೀರಿ. ಬೇಕಿಲ್ಲ. ಎಲ್ಲರೂ ಏಳುವ ಮೊದಲು ಅಡುಗೆಮನೆಯಲ್ಲಿ ಹಾಲು ಕಾಯಲಿಟ್ಟು ನಿಲ್ಲುವ ಐದು ನಿಮಿಷ ಸಾಕು. ಕಟ್ಟಡದ ಟೆರೇಸ್ ಆದೀತು, ಹೋಟೆಲಿನ ಸ್ಟೋರ್‌ ರೂಮ್ ಆದೀತು. ಕಣ್ಣು ಮುಚ್ಚಬೇಡಿ. ಕಣ್ಣು ಮುಚ್ಚಿದರೆ ಕೆಲವರಿಗೆ ಹಳೆಯದೆಲ್ಲ ನುಗ್ಗಿ ಬರುತ್ತದೆ.

ಮೊದಲು ಕುತ್ತಿಗೆಯನ್ನು ನಿಧಾನವಾಗಿ ತಿರುಗಿಸಿ ಸುತ್ತ ನೋಡಿ. ಕಿಟಕಿ, ಅದರಾಚೆ ಏನಿದೆ, ಬಾಗಿಲು ಎಲ್ಲಿದೆ. ಕಣ್ಣಿಗೆ ಹಿತವಾದ ಒಂದು ವಸ್ತು ಸಿಕ್ಕರೆ ಅಲ್ಲಿ ನಿಲ್ಲಿ. ಈ ಕ್ಷಣದಲ್ಲಿ ಇಲ್ಲಿ ಅಪಾಯವಿಲ್ಲ ಎಂಬ ಸುದ್ದಿ ಮೆದುಳಿಗೆ ಕಣ್ಣಿನಿಂದ, ಕುತ್ತಿಗೆಯ ಚಲನೆಯಿಂದ ತಲುಪಬೇಕು. ಆಮೇಲೆ ಅಂಗಾಲಿಗೆ ಬನ್ನಿ. ಹಿಮ್ಮಡಿ, ಕಾಲುಬೆರಳು, ನೆಲದ ತಂಪು. ಬೆನ್ನನ್ನು ಗೋಡೆಗೆ ಒರಗಿಸಿ, ಗೋಡೆ ನಿಮ್ಮ ಭಾರ ಹೊರಲಿ.

ಕೆಲವರಿಗೆ ಅಂಗಾಲಿನಲ್ಲಿ ಏನೂ ಗೊತ್ತಾಗುವುದಿಲ್ಲ. ಅವರು ಕೈಯಲ್ಲಿ ಬಿಸಿ ಚಹಾದ ಸ್ಟೀಲ್ ಲೋಟ ಹಿಡಿಯಲಿ. ಇನ್ನು ಕೆಲವರಿಗೆ ಮೈಯಲ್ಲಿ ಎಲ್ಲಿಯೂ ನೆಮ್ಮದಿ ಸಿಗುವುದಿಲ್ಲ, ಆಗ ಹೊರಗಿನ ಸದ್ದನ್ನು, ಫ್ಯಾನಿನ ತಿರುಗುವಿಕೆಯನ್ನೇ ಆಸರೆ ಮಾಡಿಕೊಳ್ಳಬಹುದು. ಭಜನೆಯ ಅಭ್ಯಾಸ ಇರುವವರಿಗೆ ಒಂದು ಸಾಲನ್ನು ಬಾಯಿ ಮುಚ್ಚಿ ಗುನುಗುವುದೇ ಒಳ್ಳೆಯ ಆಸರೆ. ಗುನುಗುವಾಗ ನಿಶ್ವಾಸ ತಾನಾಗಿ ಉದ್ದವಾಗುತ್ತದೆ, ಎದೆಯಲ್ಲಿ ಕಂಪನ ತಿಳಿಯುತ್ತದೆ. ನಮ್ಮ ಅಜ್ಜಿಯಂದಿರು ಬೀಸುವ ಕಲ್ಲಿನ ಮುಂದೆ ಹಾಡಿಕೊಂಡದ್ದರ ಹಿಂದೆ ಎಷ್ಟು ವಿವೇಕ ಇತ್ತು ಎಂದು ನನಗೆ ಆಗಾಗ ಅನ್ನಿಸುತ್ತದೆ.

ಹಂತ 3: ಗುರುತಿಸಿ, ಹೆಸರಿಡಿ

ಈಗ ದಿನಕ್ಕೆ ಒಂದೆರಡು ಬಾರಿ ಮೈಯನ್ನು ಕೇಳಿ: ಎಲ್ಲಿ ಏನಿದೆ? ಉತ್ತರ "ಬೇಜಾರು", "ಸಿಟ್ಟು" ಎಂದು ಬಂದರೆ ಅದು ಭಾವನೆಯ ಹೆಸರು. ಅದರ ಕೆಳಗಿನ ಸಂವೇದನೆ ಹುಡುಕಿ. ಬಿಗಿ, ಭಾರ, ಉರಿ, ಜುಮ್ಮು, ಚಳಿ, ಹಿಂಡಿದ ಹಾಗೆ, ಒತ್ತಿದ ಹಾಗೆ, ಖಾಲಿ, ಮರಗಟ್ಟಿದ್ದು. ಅದು ಎಷ್ಟು ದೊಡ್ಡದು, ಅಂಗೈಯಷ್ಟೋ ನಿಂಬೆಹಣ್ಣಿನಷ್ಟೋ? ಚಲಿಸುತ್ತಿದೆಯೋ ನಿಂತಿದೆಯೋ? ಏಕೆ ಬಂತು ಎಂದು ಕೇಳಬೇಡಿ. ಕೇಳಿದ ಕೂಡಲೇ ತಲೆ ಕತೆ ಕಟ್ಟಲು ಶುರು ಮಾಡುತ್ತದೆ, ಮೈ ಕೈಬಿಟ್ಟು ಹೋಗುತ್ತದೆ.

ಮನೆಯಲ್ಲಿ ತುಳುವೋ ಕೊಂಕಣಿಯೋ ಆಡುವವರು ಆ ಭಾಷೆಯಲ್ಲೇ ಹೇಳಿಕೊಳ್ಳಲಿ. ಥೆರಪಿಸ್ಟ್ ಜೊತೆ ಹಿಂದಿಯಲ್ಲಿ ಮಾತಾಡುತ್ತಿದ್ದರೂ ಸಂವೇದನೆಯನ್ನು ಮಾತ್ರ ತಾಯಿನುಡಿಯಲ್ಲಿ ಹೇಳಿ, ಆಮೇಲೆ ವಿವರಿಸಿ.

ಏನೂ ಗೊತ್ತಾಗುತ್ತಿಲ್ಲ ಎಂದರೆ ಅದೂ ಒಂದು ಉತ್ತರವೇ. ಚಿಕ್ಕಂದಿನಿಂದ ಸಹಿಸಿಕೊಂಡು ಬಂದವರ ಮೈ ಸುಮ್ಮನಿರುವುದನ್ನು ಕಲಿತಿರುತ್ತದೆ. ಅದನ್ನು ಬಡಿದೆಬ್ಬಿಸಲು ಹೋಗಬಾರದು.

ಹಂತ 4: ಅತ್ತ ಸ್ವಲ್ಪ, ಇತ್ತ ಸ್ವಲ್ಪ

ಇಡೀ ವಿಧಾನದ ತಿರುಳು ಇದು. ಲೆವಿನ್ ಇದಕ್ಕೆ ಎರಡು ಹೆಸರು ಕೊಟ್ಟಿದ್ದಾರೆ: ಹನಿ ಹನಿಯಾಗಿ ತೆಗೆದುಕೊಳ್ಳುವುದು ಟೈಟ್ರೇಶನ್, ನೋವು ಮತ್ತು ಆಸರೆಯ ನಡುವೆ ತೂಗುವುದು ಪೆಂಡ್ಯುಲೇಶನ್.

ಅತಿ ದೊಡ್ಡ ನೋವನ್ನು ಎತ್ತಿಕೊಳ್ಳಬೇಡಿ. ಹತ್ತರಲ್ಲಿ ಮೂರರಷ್ಟು ತೊಂದರೆ ಕೊಡುವ ವಿಷಯ ಸಾಕು: ನಿನ್ನೆ ಲೋಕಲ್‌ನಲ್ಲಿ ಸೀಟಿಗಾಗಿ ಯಾರೋ ಗದರಿದ್ದು, ಸೊಸೈಟಿ ಮೀಟಿಂಗಿನಲ್ಲಿ ಬಂದ ಕೊಂಕು ಮಾತು. ಅದನ್ನು ನೆನೆಸಿಕೊಳ್ಳಿ, ಆದರೆ ಇಡೀ ಪ್ರಸಂಗ ಬೇಡ, ಅದರ ಅಂಚು ಮಾತ್ರ. ಮೈಯಲ್ಲಿ ಏನಾಯಿತು? ಗಂಟಲು ಬಿಗಿಯಿತು ಅನ್ನಿ. ಮೂರು ನಾಲ್ಕು ಉಸಿರಿನಷ್ಟು ಹೊತ್ತು ಅದರ ಜೊತೆ ಇರಿ. ನಂತರ ಬೇಕೆಂದೇ ಅಂಗಾಲಿಗೆ, ಗೋಡೆಗೆ, ಲೋಟಕ್ಕೆ ವಾಪಸ್ ಬನ್ನಿ. ಬಿಗಿ ಸಡಿಲವಾಗುವವರೆಗೆ ಅಲ್ಲೇ ಇದ್ದು, ಮತ್ತೊಮ್ಮೆ ಗಂಟಲಿಗೆ ಹೋಗಿ. ಹೀಗೆ ಎರಡು ಮೂರು ಸಲ ತೂಗಿದರೆ ಒಂದು ಅಭ್ಯಾಸ ಮುಗಿಯಿತು. ಹತ್ತು ನಿಮಿಷ ಮೀರಬಾರದು.

ಎರಡನೆಯ ಸಲ ಹೋದಾಗ ಗಂಟಲು ಮೊದಲಿನ ಹಾಗೆ ಇರುವುದಿಲ್ಲ. ಸಡಿಲವಾಗಿರಬಹುದು, ಎದೆಗೆ ಇಳಿದಿರಬಹುದು, ಆಕಳಿಕೆ ಬರಬಹುದು, ಹೊಟ್ಟೆ ಗುಡುಗುಡು ಎನ್ನಬಹುದು, ಕಣ್ಣಲ್ಲಿ ನೀರು ಬರಬಹುದು, ತೊಡೆ ನಡುಗಬಹುದು. ಹೆದರಬೇಡಿ, ಉಬ್ಬಿಸಲೂಬೇಡಿ. ಬಂದದ್ದು ಬಂದಷ್ಟೇ ಸಾಕು. ನೋವು ಬರುತ್ತದೆ, ಕಡಿಮೆಯಾಗುತ್ತದೆ, ಕಡಿಮೆ ಮಾಡಿಕೊಳ್ಳುವುದು ನನ್ನ ಕೈಯಲ್ಲೂ ಇದೆ ಎಂದು ನರಮಂಡಲ ಕಲಿಯಬೇಕಾಗಿದೆ.

ಕ್ಲಿನಿಕ್‌ನಲ್ಲಿ ಇದು ಹೇಗೆ ಕಾಣುತ್ತದೆ ಎಂಬುದಕ್ಕೆ ಒಂದು ಚಿತ್ರ ಕೊಡುತ್ತೇನೆ. ಹಲವರ ಅನುಭವ ಸೇರಿಸಿ ಬರೆದದ್ದು, ಯಾರೊಬ್ಬರ ಕತೆಯೂ ಅಲ್ಲ. ಮಾಟುಂಗದ ಕಡೆಯ ಒಂದು ಹೋಟೆಲಿನ ಮ್ಯಾನೇಜರ್, ಬೈಂದೂರು ಕಡೆಯವರು. ತಮ್ಮನ ಸಾಲಕ್ಕೆ ಜಾಮೀನು ನಿಂತು ಸಿಕ್ಕಿಬಿದ್ದಿದ್ದಾರೆ.

"ಅವ ಈಗ ಫೋನೇ ಎತ್ತುವುದಿಲ್ಲ ಅಕ್ಕ. ನಾನು ಎಂತ ಮಾಡುವುದು ಹೇಳಿ."

"ಶೆಟ್ರೆ, ಒಂದು ನಿಮಿಷ. ತಮ್ಮನ ವಿಷಯ ಹೇಳುವಾಗ ನಿಮ್ಮ ಬಲಗೈ ಎಂತ ಮಾಡ್ತಾ ಉಂಟು ನೋಡಿ."

ಅವರು ತೊಡೆಯ ಮೇಲಿದ್ದ ಕೈ ನೋಡಿಕೊಂಡರು. ಮುಷ್ಟಿ ಕಟ್ಟಿತ್ತು. ಹೆಬ್ಬೆರಳು ಒಳಗೆ ಸಿಕ್ಕಿ, ಗೆಣ್ಣುಗಳು ಬಿಳಿಚಿಕೊಂಡಿದ್ದವು.

"ಗೊತ್ತೇ ಇಲ್ಲ ಮಾರಾಯ್ರೆ."

"ಬಿಡಿಸುವುದು ಬೇಡ, ಹಾಗೇ ಇರಲಿ. ಎಲ್ಲಿವರೆಗೆ ಉಂಟು ಆ ಬಿಗಿ?"

"ಭುಜದವರೆಗೆ. ಮತ್ತೆ ಇಲ್ಲಿ," ಎಂದು ಗಂಟಲ ಮೇಲೆ ಎಡಗೈ ಇಟ್ಟುಕೊಂಡರು. ಉಸಿರು ಮೇಲೆ ನಿಂತಿತ್ತು.

"ಆಯ್ತು. ಈಗ ಅದನ್ನು ಅಲ್ಲೇ ಬಿಟ್ಟು ಕಾಲಿಗೆ ಬನ್ನಿ. ನೆಲ ತಣ್ಣಗೆ ಉಂಟಾ?"

ಸ್ವಲ್ಪ ಹೊತ್ತು ಮಾತಿಲ್ಲ. "ಉಂಟು. ಎಡಗಾಲಿಗೆ ಜಾಸ್ತಿ ಗೊತ್ತಾಗ್ತದೆ."

ಹೀಗೆ ಮೂರು ಬಾರಿ. ಮೂರನೆಯ ಬಾರಿ ಕೈ ತಾನಾಗಿ ಅರ್ಧ ತೆರೆದು, ಅಂಗೈ ಮುಂದಕ್ಕೆ ತಿರುಗಿತು. ಆ ಕೈಗೆ ಏನು ಮಾಡಬೇಕು ಅನ್ನಿಸುತ್ತಿದೆ ಎಂದಾಗ, "ತಳ್ಳಬೇಕು," ಎಂದರು. ಎದುರಿಗೊಂದು ದಪ್ಪ ದಿಂಬು ಹಿಡಿದದ್ದಾಯಿತು. ಬಹಳ ನಿಧಾನವಾಗಿ, ಮೊಣಕೈ ನೇರವಾಗುವವರೆಗೆ ತಳ್ಳಿದರು. "ಇನ್ನು ನನ್ನ ಹತ್ರ ಆಗುದಿಲ್ಲ," ಎಂಬ ಮಾತು ಸಣ್ಣ ದನಿಯಲ್ಲಿ ಬಂತು. ಹೊಟ್ಟೆಯಿಂದ ಒಂದು ಉದ್ದ ಉಸಿರು ಬಂತು. ಥೆರಪಿಸ್ಟ್ ಅಲ್ಲಿಗೇ ನಿಲ್ಲಿಸಿ ಉಳಿದ ಹದಿನೈದು ನಿಮಿಷ ಊರಿನ ಮಳೆಯ ವಿಚಾರ, ಮನೆಗೆ ಹೋಗುವ ದಾರಿಯ ವಿಚಾರ ಮಾತಾಡಿದರು. ಸಾಲ ಅವತ್ತು ತೀರಲಿಲ್ಲ. ಇಷ್ಟು ವರ್ಷ ಒಬ್ಬರಿಗೂ "ಆಗುವುದಿಲ್ಲ" ಎನ್ನದ ಮನುಷ್ಯನ ಮೈ ಆ ಮಾತನ್ನು ಒಮ್ಮೆ ಆಡಿ ನೋಡಿತು. ಬ್ಯಾಂಕಿನವರ ಹತ್ತಿರ ಹೋಗಿ ಕಂತಿನ ಬಗ್ಗೆ ಮಾತಾಡುವ ಧೈರ್ಯಕ್ಕೆ ಅದು ಬೇಕಾಗಿತ್ತು.

ಹಂತ 5: ಉಸಿರು, ಸ್ನಾಯು, ಚಲನೆ

ಉಸಿರಿನಲ್ಲಿ ನೆನಪಿಡಬೇಕಾದ್ದು ಒಂದೇ. ಒಳಗೆ ಎಳೆಯುವುದಕ್ಕಿಂತ ಹೊರಗೆ ಬಿಡುವುದು ಉದ್ದವಿರಲಿ. ನಾಲ್ಕು ಎಣಿಸುತ್ತ ಎಳೆದು ಆರು ಎಣಿಸುತ್ತ ಬಿಟ್ಟರೆ ನಿಮಿಷಕ್ಕೆ ಸುಮಾರು ಆರು ಉಸಿರು. ಐದು ನಿಮಿಷ ಸಾಕು. ತಲೆ ತಿರುಗಿದರೆ ನಿಲ್ಲಿಸಿ. ಉಸಿರನ್ನು ಗಮನಿಸಿದರೆ ಆತಂಕ ಹೆಚ್ಚುವವರೂ ಇದ್ದಾರೆ, ಅವರು ಇದನ್ನು ಬಿಟ್ಟು ಸ್ನಾಯುಗಳಿಗೆ ಹೋಗಬಹುದು.

ಷಿಕಾಗೋದ ವೈದ್ಯ ಎಡ್ಮಂಡ್ ಜೇಕಬ್ಸನ್ 1929ರಲ್ಲಿ ಪ್ರಕಟಿಸಿದ ಸ್ನಾಯು ಸಡಿಲಿಕೆಯ ಕ್ರಮ ಹಳೆಯದಾದರೂ ಇಂದಿಗೂ ಕೆಲಸಕ್ಕೆ ಬರುತ್ತದೆ. ಈಗ ಬಳಕೆಯಲ್ಲಿರುವ ಸರಳ ರೂಪ ಹೀಗಿದೆ: ಮುಷ್ಟಿಯನ್ನು ಐದಾರು ಸೆಕೆಂಡು ಬಿಗಿಹಿಡಿದು, ಒಮ್ಮೆಲೇ ಬಿಟ್ಟು, ಇಪ್ಪತ್ತು ಸೆಕೆಂಡು ಆ ಸಡಿಲವನ್ನು ಗಮನಿಸುವುದು. ಹಾಗೆಯೇ ಭುಜ, ಮುಖ, ಹೊಟ್ಟೆ, ತೊಡೆ, ಪಾದ. ನೋವಿರುವ ಕೀಲನ್ನು ಬಿಟ್ಟುಬಿಡಿ. ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ನಿದ್ದೆ ಬಾರದೆ ಮೊಬೈಲ್ ಹಿಡಿಯುವವರಿಗೆ ಇದನ್ನೇ ಮೊದಲು ಹೇಳುತ್ತೇನೆ.

ಸಿಟ್ಟು ಉಕ್ಕಿದಾಗ ಗೋಡೆಯನ್ನು ಎರಡೂ ಅಂಗೈಯಿಂದ ನಿಧಾನವಾಗಿ ತಳ್ಳಿ, ಕಾಲಿನ ಬಲವೂ ಸೇರಲಿ. ಮಂಕು ಕವಿದಾಗ ಕುಳಿತು ಧ್ಯಾನ ಮಾಡುವುದಕ್ಕಿಂತ ಎದ್ದು ನಡೆಯುವುದು ಒಳ್ಳೆಯದು. ಗೋವಾದ ಸಂಗಾತ್ ಸಂಸ್ಥೆಯ ಪ್ರಯೋಗವೊಂದು 2017ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಪದವಿ ಪಡೆದ ಮನಶ್ಶಾಸ್ತ್ರಜ್ಞರಲ್ಲದ, ತರಬೇತಿ ಪಡೆದ ಸಾಮಾನ್ಯ ಸಲಹೆಗಾರರು ಖಿನ್ನತೆ ಇದ್ದವರನ್ನು ದಿನನಿತ್ಯದ ಚಟುವಟಿಕೆಗೆ ಮರಳಿಸುವ ಕೆಲವೇ ಭೇಟಿಗಳಲ್ಲಿ ಒಳ್ಳೆಯ ಫಲ ಕಂಡರು. ಅದು ದೇಹ ಚಿಕಿತ್ಸೆ ಎಂದು ಕರೆಸಿಕೊಳ್ಳುವುದಿಲ್ಲ, ಆದರೂ ಮನಸ್ಸು ಸರಿಯಾಗಲಿ ಆಮೇಲೆ ಏಳುತ್ತೇನೆ ಎಂದು ಕಾಯುವವರು ಇದನ್ನು ತಿಳಿದಿರಬೇಕು. ಯಕ್ಷಗಾನದ ಹೆಜ್ಜೆ ಕಲಿತವರು ಮನೆಯಲ್ಲೇ ನಾಲ್ಕು ಹೆಜ್ಜೆ ಹಾಕಲಿ.

ಹಂತ 6: ಹೆಚ್ಚಾಯಿತು ಎಂದು ತಿಳಿಯುವುದು ಹೇಗೆ

ಎರಡು ದಿಕ್ಕಿನಲ್ಲಿ ಹದ ತಪ್ಪಬಹುದು. ಎದೆ ಬಡಿತ ಏರುತ್ತಲೇ ಹೋಗುವುದು, ದೃಶ್ಯಗಳು ನುಗ್ಗುವುದು, ಅಳು ನಿಲ್ಲದಿರುವುದು ಒಂದು. ಕೈಕಾಲು ನನ್ನದಲ್ಲ ಅನ್ನಿಸುವುದು, ಸದ್ದು ದೂರದಿಂದ ಬಂದ ಹಾಗಿರುವುದು, ನಿದ್ದೆ ಕವಿದಂತಾಗುವುದು ಇನ್ನೊಂದು. ಎರಡನೆಯದನ್ನು ಶಾಂತಿ ಎಂದುಕೊಳ್ಳುವವರಿದ್ದಾರೆ, ಅದು ಮರಗಟ್ಟುವಿಕೆ. ಯಾವುದಾದರೂ ಸರಿ, ಅಭ್ಯಾಸ ನಿಲ್ಲಿಸಿ, ಕಣ್ಣು ತೆರೆದು, ಎದ್ದು ನಿಂತು, ಮುಖಕ್ಕೆ ತಣ್ಣೀರು ಹಾಕಿ, ಕೋಣೆಯಲ್ಲಿರುವ ಐದು ವಸ್ತುಗಳ ಹೆಸರು ಜೋರಾಗಿ ಹೇಳಿ, ಯಾರ ಜೊತೆಗಾದರೂ ಮಾತಾಡಿ. ಎರಡು ಮೂರು ದಿನ ನಿದ್ದೆ ಕೆಟ್ಟರೆ ಒಬ್ಬರೇ ಮುಂದುವರಿಸಬೇಡಿ.

ಇಗತ್‌ಪುರಿಯ ವಿಪಶ್ಯನ ಶಿಬಿರಕ್ಕೆ ಹೋಗಬಹುದೇ ಎಂದು ಹಲವರು ಕೇಳುತ್ತಾರೆ. ಹತ್ತು ದಿನ ಮೌನವಾಗಿ ಮೈಯ ಸಂವೇದನೆಗಳನ್ನೇ ನೋಡುವುದು ಗಂಭೀರ ಸಾಧನೆ, ಅದರ ಮೇಲೆ ನನಗೆ ಗೌರವವಿದೆ. ಹಸಿ ಗಾಯ ಇರುವವರಿಗೆ ಆ ಪ್ರಮಾಣ ಹೆಚ್ಚಾಗಬಹುದು. ಅರ್ಜಿಯಲ್ಲಿ ಮಾನಸಿಕ ಆರೋಗ್ಯದ ಬಗ್ಗೆ ಕೇಳುತ್ತಾರೆ, ಮುಚ್ಚಿಡದೆ ಬರೆಯಿರಿ, ನಿಮ್ಮ ಡಾಕ್ಟರನ್ನೂ ಕೇಳಿ.

ಹಂತ 7: ಥೆರಪಿಸ್ಟ್ ಹುಡುಕುವುದು

ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ನೋಂದಣಿ ಇರಬೇಕು. ಸಂಖ್ಯೆ ಕೇಳಿ, ಕೇಳುವುದು ಅವಮಾನವಲ್ಲ. "ಹೀಲರ್", "ಸೊಮ್ಯಾಟಿಕ್ ಕೋಚ್" ಎಂಬ ಬೋರ್ಡನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್‌ನ ಪೂರ್ತಿ ತರಬೇತಿಗೆ ಸಾಮಾನ್ಯವಾಗಿ ಮೂರು ವರ್ಷ ಹಿಡಿಯುತ್ತದೆ. ಶನಿವಾರ-ಭಾನುವಾರದ ಸರ್ಟಿಫಿಕೇಟ್ ಬೇರೆ.

ಮೊದಲ ಫೋನಿನಲ್ಲೇ ಇವನ್ನು ಕೇಳಿ: ನಿಮ್ಮ ಮೂಲ ಓದು ಏನು, ದೇಹದ ಕೆಲಸ ಎಲ್ಲಿ ಕಲಿತಿರಿ, ನಿಮ್ಮ ಕೆಲಸವನ್ನು ನೋಡಿ ತಿದ್ದುವ ಹಿರಿಯರು ಇದ್ದಾರಾ, ಸೆಷನ್ ಮಧ್ಯೆ ನಾನು ಸಾಕು ಎಂದರೆ ಏನು ಮಾಡುತ್ತೀರಿ, ಸ್ಪರ್ಶ ಬಳಸುತ್ತೀರಾ. ಸ್ಪರ್ಶದ ವಿಚಾರದಲ್ಲಿ ಸಂಕೋಚ ಬೇಡ. ಕೆಲವು ವಿಧಾನಗಳಲ್ಲಿ ಭುಜಕ್ಕೋ ಬೆನ್ನಿಗೋ ಕೈಯ ಆಸರೆ ಕೊಡುವುದುಂಟು. ಪ್ರತಿ ಸಲವೂ ಕೇಳಿಯೇ ಮುಟ್ಟಬೇಕು, ಎಲ್ಲಿ ಮತ್ತು ಏಕೆ ಎಂದು ಹೇಳಬೇಕು, ನೀವು ಹೂಂ ಎಂದ ಮೇಲೂ ಬೇಡ ಎನ್ನಬಹುದು. ಬಟ್ಟೆ ತೆಗೆಯಿರಿ ಎನ್ನುವವರು, ಲೈಂಗಿಕ ಸ್ಪರ್ಶವನ್ನು ಚಿಕಿತ್ಸೆ ಎನ್ನುವವರು, ಮನೆಯಲ್ಲಿ ಹೇಳಬೇಡಿ ಎನ್ನುವವರು, ಮಾತ್ರೆ ಬಿಡಿಸುವವರು ಕಂಡರೆ ಎದ್ದು ಬನ್ನಿ, ಗಂಭೀರವಾದುದಾದರೆ ದೂರು ಕೊಡಿ. ಸ್ಪರ್ಶವೇ ಇಲ್ಲದೆ, ವಿಡಿಯೊ ಕರೆಯಲ್ಲೂ ಈ ಕೆಲಸ ಚೆನ್ನಾಗಿ ನಡೆಯುತ್ತದೆ. ಮುಂಬೈಯಲ್ಲಿ ಕನ್ನಡ ಬಲ್ಲವರು ಸಿಗದಿದ್ದರೆ ಬೆಂಗಳೂರಿನವರ ಜೊತೆ ಹೀಗೆ ಮಾಡಬಹುದು.

ಗೋವಾದ ಅರಂಬೋಲ್, ಮಾಂದ್ರೆ ಕಡೆಯ ವಾರಾಂತ್ಯದ ಬ್ರೀತ್‌ವರ್ಕ್ ಶಿಬಿರಗಳ ಪೋಸ್ಟರ್ ನೋಡಿರುತ್ತೀರಿ. ಜೋರಾಗಿ, ಬೇಗಬೇಗ, ಬಹಳ ಹೊತ್ತು ಉಸಿರಾಡಿಸುವ ಕ್ರಮ ಹೃದ್ರೋಗ, ಬಿಪಿ, ಫಿಟ್ಸ್, ಗರ್ಭಿಣಿಯರು, ಬೈಪೋಲಾರ್ ಇರುವವರು ಯಾರಿಗೂ ಸಲ್ಲದು. ಉಳಿದವರು ಒಂದು ಪ್ರಶ್ನೆ ಕೇಳಿ: ಸೋಮವಾರ ನನಗೆ ತೊಂದರೆಯಾದರೆ ಯಾರಿಗೆ ಫೋನ್ ಮಾಡಲಿ? ಅದಕ್ಕೆ ಹೆಸರು ಹೇಳಿ ಉತ್ತರ ಕೊಡಲು ಬಾರದವರಿಗೆ ದುಡ್ಡು ಕಟ್ಟಬೇಡಿ.

ಫೀ ಒಬ್ಬೊಬ್ಬರದು ಒಂದೊಂದು. ಆದಾಯ ನೋಡಿ ಕಡಿಮೆ ಮಾಡುವವರಿದ್ದಾರೆ, ಬಾಯಿಬಿಟ್ಟು ಕೇಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ವಿಮೆ ಕಂಪನಿಗಳು ಮಾನಸಿಕ ಕಾಯಿಲೆಯನ್ನು ದೈಹಿಕ ಕಾಯಿಲೆಯ ಸಮಾನವಾಗಿ ನೋಡಬೇಕು. ಆದರೆ ಆಸ್ಪತ್ರೆಗೆ ಸೇರದೆ ಮಾಡುವ ಸೆಷನ್‌ಗಳ ಖರ್ಚು ಹಲವು ಪಾಲಿಸಿಗಳಲ್ಲಿ ಸಿಗುವುದಿಲ್ಲ. ನಿಮ್ಮ ಮಾಹಿತಿಯ ಗೋಪ್ಯತೆಗೂ ಅದೇ ಕಾಯ್ದೆಯ ರಕ್ಷಣೆ ಇದೆ. ಊರವರಿಗೆ ಗೊತ್ತಾಗುತ್ತದೆ ಎಂಬ ಭಯ ನಮ್ಮಲ್ಲಿ ಹೆಚ್ಚಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಮೊದಲ ಭೇಟಿಗೆ ಹೋಗುವಾಗ ಒಂದು ಚೀಟಿ ಬರೆದುಕೊಳ್ಳಿ. ಯಾವ ಮಾತ್ರೆ ನಡೆಯುತ್ತಿದೆ, ಯಾವ ಟೆಸ್ಟ್ ಆಗಿದೆ, ಮೈಯಲ್ಲಿ ಎಲ್ಲಿ ಏನಾಗುತ್ತದೆ, ಯಾವುದರಿಂದ ತುಸು ಹಗುರವಾಗುತ್ತದೆ. ಜೊತೆಗೆ, ಇವತ್ತು ಯಾವ ವಿಷಯ ಮಾತಾಡುವುದು ಬೇಡ ಎಂಬುದನ್ನೂ ಬರೆಯಿರಿ. ಅದನ್ನು ಮೊದಲೇ ಹೇಳುವ ಹಕ್ಕು ನಿಮಗಿದೆ. ಸೆಷನ್ ಮುಗಿದ ಕೂಡಲೇ ಗರ್ದಿಯ ಲೋಕಲ್ ಹಿಡಿಯಬೇಡಿ. ಅರ್ಧ ಗಂಟೆ ಎಲ್ಲಾದರೂ ಕೂತು, ಏನಾದರೂ ತಿಂದು ಹೊರಡಿ. ನಾಲ್ಕೈದು ಭೇಟಿಯಾದ ಮೇಲೆ ನಿದ್ದೆ, ಹಸಿವು, ಮನೆಯವರ ಜೊತೆಗಿನ ಮಾತು ಇವುಗಳಲ್ಲಿ ಏನಾದರೂ ಬದಲಾಗಿದೆಯೇ ಎಂದು ಥೆರಪಿಸ್ಟ್ ಜೊತೆ ಕೂತು ನೋಡಿ. ಏನೂ ಆಗಿಲ್ಲವೆಂದರೆ ವಿಧಾನ ಬದಲಿಸಲು ಕೇಳಿ, ಅಥವಾ ಬೇರೆಯವರ ಹೆಸರು ಕೊಡಿ ಎನ್ನಿ. ಒಳ್ಳೆಯ ಥೆರಪಿಸ್ಟ್ ಅದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.